ಓದುಗರ ಪ್ರಶ್ನೆ: ಟಿಪ್ಸ್ ಬೋರ್ಡ್ ನೋಡಿ ಗಿರಾಕಿ ಹಿಂಜರಿಯುವುದೇಕೆ?

ಪ್ರಶ್ನೆ: ಸಲೂನಿನಲ್ಲಿ ಟಿಪ್ಸ್‌ಗೊಂದು, ಅಭಿಪ್ರಾಯಕ್ಕೊಂದು ಕ್ಯೂಆರ್ ಕೋಡ್ ಒಂದೇ ಬೋರ್ಡಿನಲ್ಲಿ ಹಾಕಿದ್ದೇವೆ. ಗಿರಾಕಿಗಳು ಸ್ಕ್ಯಾನ್ ಮಾಡಲು ಹಿಂಜರಿಯುತ್ತಾರೆ. ಕೆಲವೊಮ್ಮೆ ಸ್ಕ್ಯಾನ್ ಆಗುವುದೂ ಇಲ್ಲ.
– ಸಲೂನ್ ಮಾಲೀಕರು, ದಾವಣಗೆರೆ

ಉತ್ತರ: ಮೊದಲು ಎರಡನ್ನೂ ಬೇರೆ ಮಾಡಿ. ಪಕ್ಕಪಕ್ಕದಲ್ಲಿದ್ದರೆ ಫೋನು ಯಾವುದನ್ನು ಹಿಡಿಯುತ್ತದೋ ಹೇಳಲಾಗದು. ಅಭಿಪ್ರಾಯದ ಲಿಂಕನ್ನು ಯುಪಿಐ ಆ್ಯಪ್ ಓದಿದರೆ ‘ಈ ಕೋಡ್ ಸರಿಯಿಲ್ಲ’ ಎನ್ನಬಹುದು. ಗಿರಾಕಿಗೆ ಅಲ್ಲೇ ಅನುಮಾನ. ಟಿಪ್ಸ್ ಕೋಡ್ ಗಲ್ಲಾದ ಬಳಿ ಇರಲಿ, ಅಭಿಪ್ರಾಯದ್ದು ಬಾಗಿಲ ಬಳಿ. ಒಂದರ ಕೆಳಗೆ ‘ಯುಪಿಐ ಆ್ಯಪ್‌ನಿಂದ’, ಇನ್ನೊಂದರ ಕೆಳಗೆ ‘ಫೋನಿನ ಕ್ಯಾಮೆರಾದಿಂದ’ ಎಂದು ಬರೆಯಿರಿ.

ನಂಬಿಕೆ ನಿಲ್ಲುವುದು ಹೆಸರಿನ ಮೇಲೆ. ಬೋರ್ಡಿನಲ್ಲಿ ಅಂಗಡಿಯ ಹೆಸರು, ಸ್ಕ್ಯಾನ್ ಮಾಡಿದರೆ ಇನ್ಯಾರದೋ ಹೆಸರು ಬಂದರೆ ಯಾರು ತಾನೇ ಹಣ ಹಾಕುತ್ತಾರೆ? ಆ್ಯಪ್‌ನಲ್ಲಿ ಕಾಣುವ ಹೆಸರನ್ನು ಅಕ್ಷರ ತಪ್ಪದೆ ದಪ್ಪಗೆ ಮುದ್ರಿಸಿ, ‘ಬೇರೆ ಹೆಸರು ಬಂದರೆ ಹಣ ಹಾಕಬೇಡಿ, ನಮಗೆ ಹೇಳಿ’ ಎಂಬ ಸಾಲು ಸೇರಿಸಿ. ನಿಮ್ಮ ಕೋಡಿನ ಮೇಲೆ ಬೇರೆಯವರು ಸ್ಟಿಕರ್ ಅಂಟಿಸಿದರೂ ಈ ಸಾಲು ಕಾಯುತ್ತದೆ. ಟಿಪ್ಸ್ ಯಾರಿಗೆ, ಯಾವಾಗ ಹಂಚುತ್ತೀರಿ ಎಂಬುದನ್ನೂ ಬರೆಯಿರಿ. ನಡೆಸಿಕೊಡಲಾಗದ ಮಾತನ್ನು ಮಾತ್ರ ಬರೆಯಬೇಡಿ. ಮೊತ್ತ ಗಿರಾಕಿಯೇ ತುಂಬಲಿ.

ಸ್ಕ್ಯಾನ್ ಆಗದಿರಲು ಸಲೂನಿನಲ್ಲಿ ಹೆಚ್ಚಾಗಿ ಕಾರಣ ಹೊಳಪು. ಕನ್ನಡಿಯ ದೀಪಗಳು ಹೊಳೆಯುವ ಗ್ಲಾಸಿ ಲ್ಯಾಮಿನೇಷನ್ ಮೇಲೆ ಬಿದ್ದು ಕೋಡ್ ಬೆಳ್ಳಗಾಗುತ್ತದೆ; ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಷನ್ ಹಾಕಿಸಿ. ಅಳತೆಗೆ ಹತ್ತಕ್ಕೊಂದು ಲೆಕ್ಕ: 50 ಸೆಂ.ಮೀ. ದೂರದಿಂದ ಹಿಡಿಯುವುದಾದರೆ ಕೋಡ್ 5 ಸೆಂ.ಮೀ., ಗೋಡೆಯ ಮೇಲೆ ಒಂದೂವರೆ ಮೀಟರಿಗೆ 15 ಸೆಂ.ಮೀ. ಕೋಡಿನ ಸುತ್ತ, ಅದರೊಳಗಿನ ನಾಲ್ಕು ಪುಟ್ಟ ಚೌಕಗಳಷ್ಟು ಅಗಲದ ಬಿಳಿ ಅಂಚು ಇರಲೇಬೇಕು. ಅಂದಕ್ಕೆಂದು ಡಿಸೈನರ್ ಕತ್ತರಿಸುವುದು ಇದನ್ನೇ. ನಡುವೆ ಲೋಗೋ ಬೇಕಿದ್ದರೆ ಕೋಡ್ ಮಾಡುವಾಗ ದೋಷ ತಿದ್ದುವ ಮಟ್ಟ (ಎರರ್ ಕರೆಕ್ಷನ್) ‘ಎಚ್’ ಆರಿಸಿ, ಕೋಡ್ ಸುಮಾರು ಶೇ. 30ರಷ್ಟು ಕೆಟ್ಟರೂ ಓದಬಲ್ಲದು. ಆದರೆ ಚೌಕಗಳು ಒತ್ತಾಗುತ್ತವೆ, ಹಾಗಾಗಿ ಲಿಂಕ್ ಚಿಕ್ಕದಿರಲಿ. ಮೂಲೆಯ ಮೂರು ದೊಡ್ಡ ಚೌಕಗಳನ್ನು ಮುಟ್ಟಲೇಬೇಡಿ.

ಅಭಿಪ್ರಾಯದ ಕೋಡ್ ಮಾಡುವಾಗ ಒಂದು ಎಚ್ಚರ. ಕೆಲವು ಉಚಿತ ತಾಣಗಳು ನಿಮ್ಮ ಲಿಂಕನ್ನು ತಮ್ಮ ಲಿಂಕಿನ ಮೂಲಕ ಸುತ್ತಿ ಕಳಿಸುತ್ತವೆ. ಉಚಿತ ಅವಧಿ ಮುಗಿದೊಡನೆ ಮುದ್ರಿಸಿದ್ದೆಲ್ಲ ವ್ಯರ್ಥ. ನೇರ ಲಿಂಕಿನ ಸ್ಥಿರ ಕೋಡನ್ನೇ ಮಾಡಿಸಿ, ವಿಳಾಸವನ್ನು ಕೆಳಗೆ ಓದುವಂತೆ ಮುದ್ರಿಸಿ. ಅಭಿಪ್ರಾಯ ಗೂಗಲ್‌ನಲ್ಲಾದರೆ ‘ಐದು ಸ್ಟಾರ್ ಕೊಟ್ಟರೆ ರಿಯಾಯಿತಿ’ ಬೇಡ, ಗೂಗಲ್ ನಿಯಮ ಅದನ್ನು ಒಪ್ಪುವುದಿಲ್ಲ.

ಬೆಳಿಗ್ಗೆ ಬಾಗಿಲು ತೆರೆದಾಗ ಕೋಡಿನ ಅಂಚಿಗೆ ಉಗುರು ತಾಗಿಸಿ ನೋಡಿ, ಬೇರೆ ಫೋನಿನಿಂದ 1 ರೂಪಾಯಿ ಹಾಕಿ. ಮೇಲೆ ಸ್ಟಿಕರ್ ಸಿಕ್ಕರೆ ಮೊದಲು ಫೋಟೊ ತೆಗೆಯಿರಿ, ಬಳಿಕ ಕಿತ್ತು, ಹಣ ಹೋಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಹೋಂಸ್ಟೇಯಲ್ಲಿ ಕೋಣೆ ಶುಚಿ ಮಾಡುವ ಹೆಣ್ಣುಮಕ್ಕಳ ಹೆಸರಿಗೇ ಟಿಪ್ಸ್ ಕೋಡ್ ಇಡಬಹುದೇ?
– ಓದುಗರು, ಮಡಿಕೇರಿ

ಉತ್ತರ: ಇಡಬಹುದು, ಅವರು ಒಪ್ಪಿದರೆ. ಯುಪಿಐ ಐಡಿಯಲ್ಲಿ ಮೊಬೈಲ್ ಸಂಖ್ಯೆಯೇ ಇದ್ದರೆ ಅದು ಬಂದುಹೋಗುವ ಅತಿಥಿಗಳಿಗೆಲ್ಲ ಸಿಗುತ್ತದೆ. ಸಂಖ್ಯೆಯಿಲ್ಲದ ಐಡಿ ಮಾಡಿಸಿ, ಅದರದೇ ಕೋಡ್ ಮುದ್ರಿಸಿ. ಮುದ್ರಣಕ್ಕೆ ಕೊಡುವ ಮುನ್ನ ಬೇರೊಂದು ಫೋನಿನಿಂದ ಸ್ಕ್ಯಾನ್ ಮಾಡಿ, ಸಂಖ್ಯೆ ಎಲ್ಲೂ ಕಾಣುತ್ತಿಲ್ಲವೆಂದು ಅವರಿಗೇ ತೋರಿಸಿ.