ತಾಳಿದವನು ಬಾಳಿಯಾನು: ಎಲ್ಲವನ್ನೂ ಸಹಿಸಿಕೊ ಅಂತಲಾ?

ಪ್ರಶ್ನೆ: ನಮ್ಮ ಮನೆಯಲ್ಲಿ ಏನೇ ಆದರೂ ಅಜ್ಜಿ ‘ತಾಳಿದವನು ಬಾಳಿಯಾನು’ ಅಂತಾರೆ. ಗಂಡನ ಮನೆಯಲ್ಲಿ ದಿನಾ ಬೈಗುಳ, ಒಮ್ಮೊಮ್ಮೆ ಏಟು ತಿನ್ನುತ್ತಿರುವ ಅಕ್ಕನಿಗೂ ಇದನ್ನೇ ಹೇಳಿದರು. ನನಗೆ ತುಂಬಾ ಬೇಜಾರಾಯಿತು. ಈ ಗಾದೆ ಎಲ್ಲಿಂದ ಬಂತು? ಎಲ್ಲವನ್ನೂ ಸುಮ್ನೆ ಸಹಿಸಿಕೊ ಅಂತಲೇ ಇದರ ಅರ್ಥವಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಖಂಡಿತ ಅಲ್ಲ. ನಿಮಗೆ ಬೇಜಾರಾದದ್ದು ನ್ಯಾಯವಾಗಿಯೇ ಇದೆ.

ಈ ಗಾದೆಯನ್ನು ಇಂಥವರೇ ಕಟ್ಟಿದರು ಅನ್ನುವಂತಿಲ್ಲ. ಇದು ಜನರ ಬಾಯಲ್ಲೇ ಬೆಳೆದ ಮಾತು. ತಾಳಿ, ಬಾಳಿ ಎಂದು ಎರಡನೇ ಅಕ್ಷರ ಕೂಡುವುದರಿಂದ ಒಮ್ಮೆ ಕೇಳಿದರೆ ಸಾಕು, ನಾಲಿಗೆಯ ಮೇಲೆ ಕೂತುಬಿಡುತ್ತದೆ. ಇದೇ ಭಾವದ ಕೀರ್ತನೆಯೊಂದು ಸೋದೆ ಮಠದ ಯತಿ ವಾದಿರಾಜರದ್ದು, 16ನೇ ಶತಮಾನದ್ದು. ತಾಳುವಿಕೆಗಿಂತ ದೊಡ್ಡ ತಪಸ್ಸಿಲ್ಲ ಅನ್ನುವ ಆ ಪದದಲ್ಲಿ, ನೆಟ್ಟ ಸಸಿ ಫಲ ಕೊಡುವ ತನಕ ತಾಳು ಅನ್ನುತ್ತಾರೆ.

ಆ ಸಸಿಯನ್ನೇ ನೋಡಿ. ಸೋದೆ ಇರುವುದು ಶಿರಸಿ ಕಡೆಯ ಅಡಿಕೆ ಸೀಮೆಯಲ್ಲಿ. ಅಡಿಕೆ ಸಸಿ ನೆಟ್ಟರೆ ಫಸಲು ಕಾಣಲು 5–6 ವರ್ಷವಾದರೂ ಬೇಕು. ಅಲ್ಲಿಯವರೆಗೆ ತೋಟದವರು ಕೈಕಟ್ಟಿ ಕೂರುತ್ತಾರಾ? ನೆರಳಿಗೆ ನಡುವೆ ಬಾಳೆ ಹಾಕುತ್ತಾರೆ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ ತೆಗೆಯುತ್ತಾರೆ. ಬೇಸಿಗೆಯಲ್ಲಿ ನೀರುಣಿಸುತ್ತಾರೆ. ದನ ನುಗ್ಗಿದರೆ ಓಡಿಸುತ್ತಾರೆ, ತಾಳೋಣ ಅಂತ ನೋಡುತ್ತಾ ನಿಲ್ಲುವುದಿಲ್ಲ. ಗಾದೆ ಹೇಳುವ ತಾಳ್ಮೆ ಇಂಥದ್ದು. ತಡವಾಗಿ ಕೈಗೂಡುವ ಕೆಲಸಕ್ಕೆ, ಬರಗಾಲಕ್ಕೆ, ಕಾಯಿಲೆಗೆ, ಸಾಲ ತೀರಿಸುವ ಕಾಲಕ್ಕೆ ಅದು ಬೇಕು. ಹೊಡೆಯುವ ಕೈಗೆ ಬೆನ್ನು ಕೊಡುವುದಕ್ಕಲ್ಲ.

ಇನ್ನೊಂದು ಮಾತು ನನ್ನನ್ನು ಯಾವಾಗಲೂ ಕಾಡುತ್ತದೆ. ಗಾದೆಯಲ್ಲಿರುವುದು ‘ತಾಳಿದವನು’. ಆದರೆ ನಮ್ಮ ಮನೆಗಳಲ್ಲಿ ಇದನ್ನು ಜಾಸ್ತಿ ಕೇಳಿಸಿಕೊಂಡವರು ಹೆಣ್ಣುಮಕ್ಕಳೇ, ಅಲ್ವಾ? ಸಿಟ್ಟು ಬಂದಾಗ ಕೈ ತಡೆದುಕೊಳ್ಳುವುದೂ ತಾಳ್ಮೆಯೇ. ನಿಮ್ಮ ಭಾವನನ್ನು ಕೂರಿಸಿಕೊಂಡು ಯಾರಾದರೂ ಈ ಗಾದೆ ಹೇಳಿದ್ದಾರಾ? ಮೊದಲು ಹೇಳಬೇಕಿದ್ದುದು ಅವರಿಗೆ.

ಅಜ್ಜಿಯ ಮೇಲೆ ಸಿಟ್ಟಾಗಬೇಡಿ. ಅವರ ಕಾಲದಲ್ಲಿ ಗಂಡನ ಮನೆ ಬಿಟ್ಟು ಬಂದವಳಿಗೆ ನಿಲ್ಲಲು ನೆಲೆಯೇ ಇರುತ್ತಿರಲಿಲ್ಲ. ತಾಳಿಕೊ ಅನ್ನುವುದರ ಹಿಂದೆ ಆ ಭಯವೂ ಇತ್ತು. ಈಗ ಅಕ್ಕನಿಗೆ ಬೇರೆ ದಾರಿ ಇದೆ ಅಂತ ಅವರಿಗೂ ಹೇಳಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಏಟಷ್ಟೇ ಅಲ್ಲ, ಬೈದು ಹಂಗಿಸುವುದೂ ದೌರ್ಜನ್ಯವೇ. ದೂರು ಕೊಟ್ಟರೂ ಅದೇ ಮನೆಯಲ್ಲಿ ಇರುವ ಹಕ್ಕು ಅಕ್ಕನಿಗಿದೆ. ಮಹಿಳಾ ಸಹಾಯವಾಣಿ 181ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಮೊದಲ ಕರೆ ಮಾಡುವಾಗ ನೀವೇ ಪಕ್ಕದಲ್ಲಿ ಕೂತಿರಿ.