ಚೈತ್ರದ ಮಳೆಯಲ್ಲಿ ಕೆರೆಯ ಹಕ್ಕಿಗಳು

ಪ್ರಶ್ನೆ: ಯುಗಾದಿಯ ನಂತರದ ರಜೆಯಲ್ಲಿ ಮಕ್ಕಳೊಡನೆ ಮೈಸೂರಿನ ಕುಕ್ಕರಹಳ್ಳಿ, ಕಾರಂಜಿ ಮತ್ತು ಲಿಂಗಾಂಬುಧಿ ಕೆರೆಗಳಲ್ಲಿ ಹಕ್ಕಿ ನೋಡಬೇಕೆಂದಿದ್ದೇವೆ. ಆಗ ಮಳೆ ಬರುತ್ತಿರುತ್ತದೆ, ವಲಸೆ ಹಕ್ಕಿಗಳೂ ಹೊರಟುಹೋಗಿರುತ್ತವೆ ಎನ್ನುತ್ತಾರೆ. ಹೋಗುವುದರಿಂದ ಪ್ರಯೋಜನವಿದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಅವಶ್ಯವಾಗಿ ಹೋಗಿ. ಚಳಿಗಾಲದಲ್ಲಿ ಹದಿನಾರು ಎಂಬ ಊರಿನ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಅಷ್ಟರಲ್ಲಿ ಹಿಮಾಲಯದ ಕಡೆಗೆ ಹೊರಟುಬಿಟ್ಟಿರುತ್ತವೆ ಎಂಬುದು ನಿಜ. ಆದರೆ ಇಲ್ಲಿಯೇ ನೆಲೆಸಿರುವ ಹಕ್ಕಿಗಳಲ್ಲಿ ಹಲವು ಆಗಲೇ ಮರಿ ಮಾಡುವ ಕಾಲದ ಬಣ್ಣಕ್ಕೆ ತಿರುಗುತ್ತಿರುತ್ತವೆ. ಅವುಗಳನ್ನು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲವೆಂದು ನಾನು ನಂಬಿದ್ದೇನೆ. ವರ್ಷದ ಉಳಿದ ದಿನಗಳಲ್ಲಿ ಕೆಸರಿನ ಬಣ್ಣದಲ್ಲಿದ್ದು ಕಣ್ಣಿಗೇ ಬೀಳದ ಕೊಳಬಕದ ಬೆನ್ನು ಈಗ ಕಡುಗೆಂಪಾಗುತ್ತದೆ. ದನಗಳ ಹಿಂದೆ ತಿರುಗುವ ಬೆಳ್ಳಕ್ಕಿಯ ತಲೆ, ಕುತ್ತಿಗೆಗಳಿಗೆ ಕಿತ್ತಳೆ ಬಣ್ಣ ಬರುತ್ತದೆ. ನೀರಿನಲ್ಲಿ ಮುಳುಗಿ ಏಳುವ ಪುಟ್ಟ ಹಕ್ಕಿ ಗುಳುಮುಳುಕನ ಕೆನ್ನೆ ಕೆಂಗಂದು ಬಣ್ಣಕ್ಕೆ ತಿರುಗಿ, ಕೊಕ್ಕಿನ ಬುಡದಲ್ಲಿ ತಿಳಿಹಳದಿ ಚುಕ್ಕೆಯೊಂದು ಎದ್ದು ಕಾಣುತ್ತದೆ. ತೇಲುವ ಗೂಡನ್ನು ಬಿಟ್ಟು ಹೋಗುವಾಗ ಅದು ಮೊಟ್ಟೆಗಳ ಮೇಲೆ ನೀರುಕಳೆಯನ್ನು ಎಳೆದು ಮುಚ್ಚುವುದನ್ನು ಮಕ್ಕಳಿಗೆ ತೋರಿಸಲು ಸಾಧ್ಯವಾದರೆ ಆ ದಿನ ಮತ್ತೇನೂ ಕಾಣದಿದ್ದರೂ ಚಿಂತೆಯಿಲ್ಲ.

ಅಶ್ವಿನಿ, ಭರಣಿ ಮಳೆಗಳು ನಮ್ಮ ಕಡೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನೊಡನೆ ಬರುವುದರಿಂದ, ರಾತ್ರಿ ಮಳೆಯಾದ ಮರುದಿನದ ಬೆಳಗನ್ನೇ ಆರಿಸಿಕೊಳ್ಳಿ. ನೀರುಕಾಗೆಯ ಗರಿಗಳು ನೀರು ಹೀರುವುದರಿಂದ ಅದು ರೆಕ್ಕೆ ಬಿಚ್ಚಿಕೊಂಡು ಬಹಳ ಹೊತ್ತು ಕುಳಿತಿರುತ್ತದೆ. ಹೊಸದಾಗಿ ನೋಡುವವರಿಗೆ ಇದು ದೊಡ್ಡ ಅನುಕೂಲ. ಮಳೆಯಾದ ನೆಲದಿಂದ ಈಸಲು (ರೆಕ್ಕೆ ಬಂದ ಗೆದ್ದಲು) ಏಳತೊಡಗಿದರೆ ಅದನ್ನು ತಿನ್ನಲು ಕಾಜಾಣ, ಕಳ್ಳಿಪೀರ, ಗೊರವಂಕಗಳು ಒಂದೇ ಕಡೆ ಸೇರುತ್ತವೆ. ಗುಡುಗು ಕೇಳಿದ ಕೂಡಲೇ ಮಾತ್ರ ಏರಿಯನ್ನೂ ಒಂಟಿ ಮರಗಳ ಆಸರೆಯನ್ನೂ ಬಿಟ್ಟು ಕಟ್ಟಡವೊಂದರೊಳಗೆ ಸೇರಿಕೊಳ್ಳಬೇಕು.

ಮೂರೂ ಕೆರೆಗಳನ್ನು ಒಂದೇ ದಿನದಲ್ಲಿ ಮುಗಿಸುವ ಯೋಚನೆ ಬೇಡ. ಕುಕ್ಕರಹಳ್ಳಿಯೊಂದನ್ನೇ ಆರಿಸಿಕೊಂಡು, ನಡುಗಡ್ಡೆಯ ಮರಗಳ ಮೇಲಿನ ಹೆಜ್ಜಾರ್ಲೆಗಳು (ಪೆಲಿಕನ್‌ಗಳು) ಕಾಣುವಂತೆ ಒಂದೆಡೆ ನಿಲ್ಲಿ. ಬೈನಾಕ್ಯುಲರ್ ಕೊಳ್ಳುವುದಿದ್ದರೆ 10x25ಕ್ಕಿಂತ 8x42 ಮೇಲು. ಇದರಲ್ಲಿ ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆಂಬುದು, ಎರಡನೆಯದು ಮುಂದಿನ ಗಾಜಿನ ಅಗಲ. ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತದ ಅಗಲ ಮಿಲಿಮೀಟರಿನಲ್ಲಿ ಸಿಗುತ್ತದೆ. 10x25ರಲ್ಲಿ ಅದು 2.5 ಆದರೆ 8x42ರಲ್ಲಿ 5.25. ಮೋಡ ಕವಿದ ಬೆಳಗಿನಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಮಳೆಹನಿ ಬಿದ್ದ ಗಾಜನ್ನು ಒರೆಸಲು ಮೆತ್ತನೆಯ ಹತ್ತಿಬಟ್ಟೆ ಜೊತೆಗಿರಲಿ.

ಪ್ರಶ್ನೆ: ನಮ್ಮೂರ ಕೆರೆಯಂಗಳದ ಬಯಲಿನಲ್ಲಿ ಟಿಟ್ಟಿಭದ ನಾಲ್ಕು ಮೊಟ್ಟೆಗಳಿವೆ. ಮಳೆ ಬಂದು ನೀರು ಏರುವ ಮೊದಲು ಅವನ್ನು ಎತ್ತರದ ಜಾಗಕ್ಕೆ ಸಾಗಿಸಬಹುದೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ನಿಮ್ಮ ಕಾಳಜಿ ದೊಡ್ಡದು, ಆದರೆ ಸಾಗಿಸಬೇಡಿ. ಜಾಗ ಬದಲಾದ ಮೊಟ್ಟೆಗಳನ್ನು ತಾಯಿತಂದೆಗಳು ಕೈಬಿಡುವ ಸಂಭವವೇ ಹೆಚ್ಚು. ಜೊತೆಗೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳಿಗೂ ರಕ್ಷಣೆ ನೀಡಿದೆ. ಹಕ್ಕಿ ತಲೆಯ ಮೇಲೆ ಸುತ್ತುತ್ತಾ ಕೂಗತೊಡಗಿತೆಂದರೆ ನೀವು ತೀರಾ ಹತ್ತಿರ ಬಂದಿದ್ದೀರಿ ಎಂದರ್ಥ. ಬಂದ ದಾರಿಯಲ್ಲೇ, ಮಣ್ಣಿನ ಬಣ್ಣದ ಆ ಮೊಟ್ಟೆಗಳನ್ನು ತುಳಿಯದಂತೆ ನೆಲ ನೋಡುತ್ತಾ ಹಿಂದಿರುಗಿ. ಮರಿಗಳು ಹೊರಬಂದ ಸ್ವಲ್ಪ ಹೊತ್ತಿನಲ್ಲೇ ನಡೆಯಬಲ್ಲವಾದ್ದರಿಂದ, ಆ ಕಡೆ ದನಗಳನ್ನು ಬಿಡದಂತೆಯೂ ನಾಯಿಗಳು ಸುಳಿಯದಂತೆಯೂ ಊರವರಿಗೆ ಹೇಳಿ ನೋಡಿಕೊಂಡರೆ ಅದೇ ಅವುಗಳಿಗೆ ನೀವು ಮಾಡುವ ದೊಡ್ಡ ಉಪಕಾರ.