ಅಭ್ಯಂಗವೆಂದರೆ ಅಮ್ಮ ಹೆದರಿಯಾರೇ?

ಪ್ರಶ್ನೆ: 72 ವರ್ಷದ ನನ್ನ ತಾಯಿಗೆ ಮುಂದಿನ ವಾರ ಮೈಸೂರಿನಲ್ಲಿ ಹೃದಯದ ಶಸ್ತ್ರಚಿಕಿತ್ಸೆ ನಡೆಯಲಿದೆ. ಹೊರಡುವ ಮೊದಲು ನಮ್ಮ ಕಥೋಲಿಕ ಚರ್ಚಿನ ಗುರುಗಳನ್ನು ಕರೆಸಿ, ರೋಗಿಗೆ ಪವಿತ್ರ ಎಣ್ಣೆ ಸವರಿ ಪ್ರಾರ್ಥಿಸುವ ಅಭ್ಯಂಗ ಸಂಸ್ಕಾರ ಕೊಡಿಸೋಣವೆಂದರೆ, ‘ಅದು ಸಾಯುವವರಿಗೆ ಕೊಡುವುದು, ಅಮ್ಮ ಎದೆಗುಂದುತ್ತಾಳೆ’ ಎಂದು ಅಣ್ಣ ತಡೆಯುತ್ತಿದ್ದಾನೆ. ಏನು ಮಾಡಲಿ?
– ಓದುಗರೊಬ್ಬರು, ಸಿದ್ದಾಪುರ, ಕೊಡಗು

ಉತ್ತರ: ನಿಮ್ಮ ಅಣ್ಣನ ಅಂಜಿಕೆಗೆ ಕಾರಣವಿಲ್ಲದಿಲ್ಲ. ನಮ್ಮ ಹಿರಿಯರು ಇದನ್ನು ‘ಅಂತ್ಯಾಭ್ಯಂಗ’ವೆಂದೇ ಕರೆಯುತ್ತಿದ್ದರು, ಉಸಿರು ಎಳೆಯತೊಡಗಿದ ಮೇಲೆಯೇ ಗುರುಗಳಿಗೆ ಹೇಳಿಕಳುಹಿಸುವ ರೂಢಿಯಿಂದಾಗಿ, ಅವರು ಬಾಗಿಲಿಗೆ ಬಂದರೆಂದರೆ ಮನೆಯವರು ಅಳಲು ಆರಂಭಿಸುತ್ತಿದ್ದರು. ಆದರೆ ಬೈಬಲಿನಲ್ಲಿರುವ ಸಂತ ಯಕೋಬನ ಪತ್ರದ 5ನೇ ಅಧ್ಯಾಯವನ್ನು ತೆರೆದು ನೋಡಿ: ಅಸ್ವಸ್ಥನಾದವನು ಸಭೆಯ ಹಿರಿಯರನ್ನು ತಾನೇ ಕರೆಸಿಕೊಳ್ಳಲಿ ಎಂದಿದೆ. ಕರೆಸಿಕೊಳ್ಳುವವನಿಗೆ ಪ್ರಜ್ಞೆಯೂ ಮಾತೂ ಇರಬೇಕಲ್ಲವೇ? ಜಗತ್ತಿನ ಕಥೋಲಿಕ ಧರ್ಮಾಧ್ಯಕ್ಷರು (ಬಿಷಪರು) ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ, ‘ರೋಗಿಗಳ ಅಭ್ಯಂಗ’ ಎಂಬ ಹೆಸರೇ ಹೆಚ್ಚು ಸೂಕ್ತವೆಂದೂ, ಇದು ಸಾವಿನ ಅಂಚಿನಲ್ಲಿರುವವರಿಗೆ ಮಾತ್ರ ಮೀಸಲಾದ ಸಂಸ್ಕಾರವಲ್ಲವೆಂದೂ ಸ್ಪಷ್ಟಪಡಿಸಿತು. ಪೋಪ್ ಆರನೇ ಪೌಲರು 1972ರಲ್ಲಿ ವಿಧಿಯನ್ನೂ ಪರಿಷ್ಕರಿಸಿದರು. ಗಂಭೀರ ಕಾಯಿಲೆಗಾಗಿ ಶಸ್ತ್ರಚಿಕಿತ್ಸೆಗೆ ಒಳಗಾಗುವವರು ಅದಕ್ಕೆ ಮೊದಲೇ ಇದನ್ನು ಪಡೆಯಬಹುದು. ಗುಣವಾಗಿ ಮತ್ತೆ ಕಾಯಿಲೆ ಬಿದ್ದರೆ, ಅಥವಾ ಅದೇ ಕಾಯಿಲೆ ಉಲ್ಬಣಿಸಿದರೆ, ಮತ್ತೊಮ್ಮೆ ಪಡೆಯಲು ಅಡ್ಡಿಯಿಲ್ಲ. ನಿಜಕ್ಕೂ ಮರಣಾಸನ್ನರಿಗೆಂದು ಇರುವುದು ದಾರಿಬುತ್ತಿಯಂತೆ ಕೊಡುವ ಕೊನೆಯ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ; ಎಣ್ಣೆಯಲ್ಲ.

ನಡೆಯುವುದಾದರೂ ಬಹಳ ಸರಳ. ಗುರುಗಳು ಮೌನವಾಗಿ ರೋಗಿಯ ತಲೆಯ ಮೇಲೆ ಕೈಯಿಡುತ್ತಾರೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಲೋಹದ ಭರಣಿಯ ಎಣ್ಣೆಯನ್ನು ಹೆಬ್ಬೆರಳಿಗೆ ತಗಲಿಸಿಕೊಂಡು ಹಣೆಗೂ ಎರಡೂ ಕೈಗಳಿಗೂ ಸವರಿ ಪ್ರಾರ್ಥಿಸುತ್ತಾರೆ. ಅದು ಸಾಮಾನ್ಯವಾಗಿ ಓಲಿವ್ ಎಣ್ಣೆ, ಪವಿತ್ರ ವಾರದ ಹೊತ್ತಿಗೆ ಧರ್ಮಾಧ್ಯಕ್ಷರು ಆಶೀರ್ವದಿಸಿದ್ದು; ಕೊಡಗಿನ ಚರ್ಚುಗಳು ಮೈಸೂರು ಧರ್ಮಾಧ್ಯಕ್ಷರ ಆಡಳಿತದ ಧರ್ಮಕ್ಷೇತ್ರಕ್ಕೆ ಸೇರಿರುವುದರಿಂದ ಇಲ್ಲಿಗೆ ಬರುವುದು ಮೈಸೂರಿನಿಂದ. ಔಷಧಿಗೆ ಇದು ಬದಲಿಯಲ್ಲ. ವೈದ್ಯರು ಹೇಳಿದ್ದೆಲ್ಲವೂ ಹೇಳಿದಂತೆಯೇ ನಡೆಯಲಿ.

ಆಸ್ಪತ್ರೆಗೆ ಸೇರಿದ ಮೇಲೆ ನೋಡೋಣವೆಂದು ಮುಂದೂಡಬೇಡಿ. ತೀವ್ರ ನಿಗಾ ಘಟಕದ ಬಾಗಿಲಲ್ಲಿ ಅನುಮತಿಗಾಗಿ ಕಾಯುವಾಗ, ಅಭ್ಯಂಗಕ್ಕೆ ಮೊದಲು ಗುರುಗಳಲ್ಲಿ ಮಾಡುವ ಪಾಪನಿವೇದನೆಗೆ ಬೇಕಾದ ಏಕಾಂತ ಸಿಗದು; ಅರಿವಳಿಕೆ ಕೊಟ್ಟ ಮೇಲಂತೂ ಆ ಮಾತೇ ಇಲ್ಲ. ಈಗ ಮಳೆಗಾಲ ಬೇರೆ, ಮರ ಉರುಳಿ ರಸ್ತೆ ಕಟ್ಟಿದರೆ ನೀವೂ ಗುರುಗಳೂ ಎಲ್ಲಿದ್ದೀರೋ ಅಲ್ಲೇ. ಆದ್ದರಿಂದ ಒಂದೆರಡು ದಿನ ಮುಂಚಿತವಾಗಿಯೇ ನಿಮ್ಮ ಊರಿನ ಚರ್ಚಿಗೆ ತಿಳಿಸಿ. ಆದರೆ ಅದಕ್ಕೂ ಮೊದಲು ಅಮ್ಮನನ್ನೇ ಕೇಳಿ. ನೀವಿಬ್ಬರೂ ವಾದಿಸುತ್ತಿರುವುದು ಅವರ ಬಗ್ಗೆ, ಅವರು ಪಕ್ಕದ ಕೋಣೆಯಲ್ಲಿಯೇ ಇದ್ದಾರೆ.